ಗಂಡಿ ಮುಚ್ಚಿದ ಬಣವಿ

ಅಮೋಘಸಿದ್ಧ ಬಣವಿಯೊಳಗಿಂದ ಕಬ್ಬಿಣದ ಸಲಾಕೆ ಎಳೆದ. “ತುದಿ ಮುಟ್ಟಿ ನೋಡ್ರಿ ಸಾಹೇಬ್ರ.”

ಮುಟ್ಟಿದೆ. ಚುರ್ ಎಂದಿತು!

“ಒಳಗ ಬೆಂಕಿ ಐತ್ರಿ. ನೀರು ತರಸ್ರಿ, ಜನಾನ ಕರಸ್ರಿ. ಈಗ ಬಿಚ್ಚಬೇಕು.”

“ಈಗ ಬ್ಯಾಡ!”

“ಮತ್ತ ಯಾವಾಗ್ರಿ?”

“ತಪಾಸಣಿ ಮೇಡಂ ಬಂದು ಹೋಗಲಿ. ಒಂದು ತಾಸು ತಡಿ.”

ಒಂದು ತಾಸು... ಆ ಮಾತು ನನ್ನ ಬಾಯಿಂದಲೇ ಬಂದದ್ದು. ಮೊದಲು ಅದನ್ನು ಬರೆದುಕೊಳ್ಳಿ, ಇನ್ಸ್‌ಪೆಕ್ಟರ್ ಸಾಹೇಬರೇ.

ನಾನು ಕಾಂತು. ಊರು ಇಂಡಿ. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಯವರೆಗೆ ಯಾರ ಲಾರಿ ನಿಂತರೂ, ಯಾರ ಫೈಲು ಸಿಕ್ಕಿಬಿದ್ದರೂ ಫೋನು ನನಗೇ ಬರುತ್ತದೆ. ತಂಟೆ ಬಿಡಿಸುವುದು ನನ್ನ ಕಸುಬು. 2006ರ ಈ ಫೆಬ್ರವರಿಯಲ್ಲಿ ಸಿಕ್ಕಿದ್ದು ಸಂಗಮೇಶ ಸಾವುಕಾರರ ತಂಟೆ.

ದೇವಣಗಾಂವದ ಹೊರಗೆ ಅವರ ಕರೆಂಟ್ ಫ್ಯಾಕ್ಟರಿ. ರೈತರು ಹೊಲದಲ್ಲೇ ಸುಟ್ಟುಬಿಡುತ್ತಿದ್ದ ತೊಗರಿ ಕಟ್ಟಿಗೆ ಕೊಂಡು ಕರೆಂಟ್ ಮಾಡುವುದು. ಕಲ್ಲಿದ್ದಲು ಸುಡದೆ ಎಷ್ಟು ಹೊಗೆ ಉಳಿಯಿತೋ ಅಷ್ಟನ್ನು ಮುಂಬೈಯ ದೊಡ್ಡ ಕಂಪನಿಯೊಂದು ತನ್ನ ಹೆಸರಿಗೆ ಕೊಳ್ಳುತ್ತಿತ್ತು. ಕಾರ್ಬನ್ ಕ್ರೆಡಿಟ್! ‘ನಮ್ಮಿಂದ ಈ ನಗರಕ್ಕೆ ಹೊಗೆಯ ಭಾರವಿಲ್ಲ’ ಎಂದು ಅಲ್ಲಿ ಬೋರ್ಡು ಹಾಕಿಕೊಂಡಿತ್ತು. ನೆಟ್ಟಗೆ ನಡೆದಿದ್ದರೆ ಒಳ್ಳೆಯ ಕೆಲಸವೇ. ರೈತನಿಗೂ ನಾಲ್ಕು ಕಾಸು, ನಗರಕ್ಕೂ ಉಸಿರು.

ನೆಟ್ಟಗೆ ನಡೆಯಲಿಲ್ಲ.

ಅಕಾಲ ಮಳೆಗೆ ಕಟ್ಟಿಗೆ ಸಾಲದೆ ಬಂತು. ಸಾವುಕಾರರು ಕದ್ದುಮುಚ್ಚಿ ಕಲ್ಲಿದ್ದಲು ತರಿಸಿ ಸುಟ್ಟರು. ಇನ್ನೂ ನಾಲ್ಕು ಲಾರಿ ಕಲ್ಲಿದ್ದಲು ಅಂಗಳದಲ್ಲಿ ಬಿದ್ದಿರುವಾಗಲೇ ಕಾರ್ಬನ್ ಕ್ರೆಡಿಟ್ ತಪಾಸಣೆಯ ಸುದ್ದಿ ಬಂತು!

ಆ ಕಲ್ಲಿದ್ದಲು ಕಾಣದಂತೆ ಮೇಲೆ ತೊಗರಿ ಹೊಟ್ಟು, ಕಟ್ಟಿಗೆ ಒಟ್ಟಿ ಬಣವಿ ಮಾಡುವ ಐಡಿಯಾ ನನ್ನದು. ಬಣವಿ ಒಟ್ಟುವುದರಲ್ಲಿ ಅಮೋಘಸಿದ್ಧನನ್ನು ಮೀರಿಸುವವರು ಸುತ್ತಲ ಊರುಗಳಲ್ಲಿಲ್ಲ. ಬಂದ. ಒಟ್ಟಿದ. ಬುಡದಲ್ಲಿ ಒಂದು ಮೊಳದ ಗಂಡಿ ಬಿಟ್ಟ.

“ಇದೇನೋ?”

“ಗಾಳಿಗಂಡಿ ರೀ. ಒಳಗಿನ ಕಾವು ಹೊರಗ ಹೋಗಾಕ ದಾರಿ ಬೇಕಲ್ರಿ. ನಮ್ಮಪ್ಪನ ಕಾಲದಿಂದ ಹಿಂಗ.”

ಬಗ್ಗಿ ನೋಡಿದೆ. ಗಂಡಿಯಲ್ಲಿ ಕಲ್ಲಿದ್ದಲು ಮಿಣಮಿಣ ಮಿಂಚುತ್ತಿತ್ತು.

“ಮುಚ್ಚು.”

“ಬ್ಯಾಡ್ರಿ. ಮಳಿಗೆ ತೊಯ್ದ ಹೊಟ್ಟು ಐತಿ. ಕಾಯ್ತೈತಿ.”

“ಮುಚ್ಚಂದ್ರ ಮುಚ್ಚು!”

ಮುಚ್ಚಿದ. ದಿನಾ ಬಂದು ಸಲಾಕೆ ಚುಚ್ಚಿ ನೋಡುತ್ತಿದ್ದ. ಯಾರೂ ಹೇಳಿರಲಿಲ್ಲ. ತಾನು ಒಟ್ಟಿದ ಬಣವಿ ಎಂಬ ಕಾಳಜಿ, ಅಷ್ಟೇ.

ನಾಲ್ಕನೆಯ ದಿನ ಆ ಸಲಾಕೆ ನನ್ನ ಬೆರಳು ಸುಟ್ಟಿತು; ತಾಸು ತಡಿ ಎಂದೆ. ಅಷ್ಟರಲ್ಲೇ ಜೀಪು ಬಂತು. ಇಳಿದವರು ತಪಾಸಣೆಯ ವಿಜಯಶ್ರೀ ಮೇಡಂ. ಬಣವಿಗೂ ತಿಪ್ಪೆಗೂ ಫರಕು ಗೊತ್ತಿಲ್ಲದ ಸಿಟಿಯವರು ಎಂದು ನಾನು ಹಗುರಾಗಿದ್ದೆ. ಆಕೆ ಬಣವಿ ಒಂದು ಸುತ್ತು ಹಾಕಿದರು. ನಿಂತರು.

“ಇದಕ್ಕ ಗಾಳಿಗಂಡಿ ಎಲ್ಲೈತಿ?”

ನಾನು ಮಾತು ತಿರುಗಿಸಿದೆ.

“ಮೇಡಂ... ನಿಮ್ಮೂರು?”

“ಮನಗೂಳಿ. ಬಣವಿ ನೆರಳಾಗ ಆಡಿ ಬೆಳದಾಕಿ ನಾ.”

ಗಂಡಿ ಮುಚ್ಚಿದ ಜಾಗ ಹುಡುಕಿ ಅವರು ಕಟ್ಟಿಗೆಗೆ ಕೈ ಹಾಕಿದರು.

“ಅಕ್ಕಾರ, ಸರೀರಿ!”

ಅಮೋಘಸಿದ್ಧ ಓಡಿ ಬಂದು ಅವರನ್ನು ನೂಕಿದ. ಅಷ್ಟರಲ್ಲಿ ಒಂದು ಸಿವುಡು ಕಟ್ಟಿಗೆ ಕಿತ್ತು ಬಂದಿತ್ತು. ಒಳಗೆ ಗಾಳಿ ನುಗ್ಗಿತು. ಭುಗ್! ಬಣವಿ ಕುಸಿಯಿತು. ಅವನ ಎರಡೂ ಕೈ ಮೊಣಕೈವರೆಗೆ ಕೆಂಡದಡಿ ಸಿಕ್ಕಿದವು.

ಅವನನ್ನು ಎಳೆದು ತೆಗೆದವರು ಮೇಡಂ. ನಾನು... ನಿಂತಿದ್ದೆ.

ಕಲ್ಲಿದ್ದಲಿನ ಕೆಂಡ ಹೊರಗೆ ಉರುಳಿತು. ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು.

“ಹೊಗಿ ಮುಚ್ಚಿಡೂದಕ್ಕ ಕಮ್ಮಿ ಮಾಡೂದು ಅನ್ನೂದಿಲ್ಲ. ಆ ಮುಂಬೈ ಕಂಪನಿ ಮೊದಲ ತನ್ನ ಚಿಮಣಿ ನೋಡ್ಕೋಬೇಕಿತ್ತು. ಆಮ್ಯಾಲ ಇಲ್ಲಿಗೆ ಬಂದು, ಕಟ್ಟಿಗಿಗೆ ಖರೇ ಬೆಲಿ ಕೊಡಬೇಕಿತ್ತು. ನಡೀರಿ, ಜೀಪ್ ತಗೊಂಡು ಹೋಗ್ರಿ!”

ಬೆಂಕಿ ಆರಿಸಲು ಅವರು ಉಳಿದರು. ಅಮೋಘಸಿದ್ಧನನ್ನು ಹಿಂದೆ ಮಲಗಿಸಿ ಸಿಂದಗಿ ದಾರಿ ಹಿಡಿದೆ. ಎಂಬತ್ತು... ತೊಂಬತ್ತು... ಕನ್ನಡಿಯಲ್ಲಿ ಬಿಳಿ ಸುಮೋ! ಹಾರ್ನ್ ಒತ್ತುತ್ತ ಮುಂದೆ ನುಗ್ಗಿ ಅಡ್ಡ ನಿಂತಿತು. ಸಾವುಕಾರರು ಇಳಿದರು.

“ದವಾಖಾನ್ಯಾಗ ಏನ್ ಹೇಳ್ತಿ?”

“ದಾರಿ ಬಿಡ್ರಿ. ಕೈ ಹೋಗ್ತಾವು!”

“ಬೀಡಿ ಸೇದಿದ, ಕಿಡಿ ಬಿತ್ತು. ಹಂಗ ಹೇಳು. ಗಂಡಿ ಮುಚ್ಚಿಸಿದಾಂವ ನೀನ... ಜೇಲಿಗೆ ಹೋಗಾಂವನೂ ನೀನ!”

ಹಿಂದಿನ ಸೀಟಿನಲ್ಲಿ ಅಮೋಘಸಿದ್ಧ ಹಲ್ಲು ಕಚ್ಚಿ ನರಳುತ್ತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

“ಆತ್ರಿ” ಎಂದೆ. ಸುಮೋ ಸರಿಯಿತು.

ದಾರಿ ಬಿಡಿಸಿಕೊಳ್ಳಲು ಹಾಗೆಂದೆ ಎಂದು ನಿಮಗೆ ಹೇಳಬಹುದಿತ್ತು. ಸುಳ್ಳಾಗುತ್ತದೆ. ಆಸ್ಪತ್ರೆಯಲ್ಲೂ ಬೀಡಿ ಎಂದೇ ಹೇಳಿದೆ. ಸಹಿಯನ್ನೂ ಹಾಕಿದೆ. ನೀವು ಅವನ ಮೇಲೆಯೇ ಕೇಸು ಬರೆದುಕೊಂಡಿರಿ.

ಸಂಜೆ ಅವನ ಹೆಂಡತಿ ಶಂಕ್ರೆವ್ವ ಬಂದಳು.

“ಇವ್ರಿಗೆ ಬೀಡಿ ವಾಸನಿ ಬಡದ್ರ ಕೆಮ್ಮು ಬರ್ತೈತ್ರಿ. ಯಾರು ಹೇಳಿದ್ರ ಹಂಗ?”

ಮಂಚದ ಮೇಲಿಂದ ಅಮೋಘಸಿದ್ಧನ ದನಿ ಬಂತು.

“ಹೋಗ್ಲಿ ಬಿಡ. ಸಾಹೇಬ್ರು ಗಾಬರ್ಯಾಗ ಅಂದಿರಬೇಕು.”

ಥೂ ಎಂದು ಉಗಿದಿದ್ದರೆ ಒರೆಸಿಕೊಂಡು ಬರುತ್ತಿದ್ದೆ, ಸಾಹೇಬರೇ. ಅದಕ್ಕೆಲ್ಲ ನಾನು ಪಳಗಿದವನು. ಇದಕ್ಕೆ ಪಳಗಿರಲಿಲ್ಲ. ಮೂರು ದಿನವಾಯಿತು, ರೊಟ್ಟಿ ಮುರಿಯಲು ಕೈ ಮುಂದೆ ಮಾಡಿದರೆ ನನ್ನ ಬೆರಳುಗಳೇ ಕಾಣುತ್ತವೆ.

ಅದಕ್ಕೇ ಬಂದೆ. ಬೀಡಿ ಸುಳ್ಳು. ಗಂಡಿ ಮುಚ್ಚಿಸಿದವನು ನಾನು. ತಾಸು ತಡೆಸಿದವನೂ ನಾನು. ಹೊರಗೆ ಸಾವುಕಾರರ ಸುಮೋ ನಿಂತಿದೆ, ನೋಡಿದ್ದೀರಿ. ನಿಲ್ಲಲಿ.

ಏನು?... ಕೇಸು ತೆಗೆಯಲು ಅಮೋಘಸಿದ್ಧನ ಹೆಬ್ಬೆಟ್ಟೂ ಬೇಕೇ?

ನಿನ್ನೆ ಡಾಕ್ಟರು ಅವನ ಎರಡೂ ಕೈ ತೆಗೆದರು. ನನ್ನದನ್ನೇ ಒತ್ತಿಸಿಕೊಳ್ಳಿ ಸಾಹೇಬರೇ... ನನಗೆ ಎರಡೂ ಇವೆ!