ತಾರಸಿ ತೋಟದ ಗಿರಗಿಟ್ಟಲೆಗಳು

"ಇನ್ನೊಂದು ಸ್ಪೂನ್ ಕೊಡಿ ಪಾಟಿ! ಆ ಸೊಟ್ಟಗಿರೋದು!"

ದೀಕ್ಷಿತಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತಿದ್ದಳು. ಅವಳ ಕೈಯಲ್ಲಿ ಹಳೆಯ ಕಾಫಿ ಫಿಲ್ಟರಿನ ಮೇಲಿನ ಪಾತ್ರೆ ಇತ್ತು. ಅದರ ತಳದ ಸಣ್ಣ ಸಣ್ಣ ತೂತುಗಳಿಗೆ ಅವಳು ಸೂಜಿಯಿಂದ ದಾರ ಪೋಣಿಸಿದ್ದಳು. ದಾರಗಳ ತುದಿಯಲ್ಲಿ ಹಳೆಯ ಸ್ಪೂನುಗಳು, ಬೀಗ ಕಳೆದುಹೋದ ಬೀಗದ ಕೈಗಳು, ಕುಂಕುಮದ ಡಬ್ಬಿಯ ಮುಚ್ಚಳ ನೇತಾಡುತ್ತಿದ್ದವು.

"ಮೆದುವಾ, ಮೆದುವಾ! ಬಿದ್ದುಗಿದ್ದೀಯೆ ಕಣ್ಣಾ," ಎನ್ನುತ್ತ ಜಯಲಕ್ಷ್ಮೀ ಪಾಟಿ ಒಂದು ಕೈಯಲ್ಲಿ ಸ್ಟೂಲು ಹಿಡಿದು, ಇನ್ನೊಂದು ಕೈಯಲ್ಲಿ ಸ್ಪೂನು ಕೊಟ್ಟರು.

ದೀಕ್ಷಿತಾ ಅದನ್ನೂ ಕಟ್ಟಿ, ಎಲ್ಲವನ್ನೂ ಶಂಖಪುಷ್ಪದ ಚಪ್ಪರಕ್ಕೆ ತೂಗುಹಾಕಿದಳು. ಸ್ವಲ್ಪ ಗಾಳಿ ಬೀಸಿತು.

ಟಿಣ್! ಟಿಣಿಟಿಣಿ! ಟಣ್!

"ಸೂಪರ್ ಪೋ!" ಎಂದು ಪಾಟಿ ಚಪ್ಪಾಳೆ ತಟ್ಟಿದರು.

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಅವರ ಮನೆಮಾತು ಕನ್ನಡವೇ. ಆದರೆ ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದು ಅವರ ಕನ್ನಡಕ್ಕೆ ಅರ್ಧ ತಮಿಳು ಸೇರಿಕೊಂಡಿತ್ತು. ತಾರಸಿಗೆ ಅವರು 'ಮೊಟ್ಟೆಮಾಡಿ' ಎನ್ನುತ್ತಿದ್ದರು. ಮೊದಲ ದಿನ, "ಬಾ, ಮೊಟ್ಟೆಮಾಡಿಗೆ ಹೋಗೋಣ" ಎಂದು ಅವರು ಕರೆದಾಗ ದೀಕ್ಷಿತಾ, "ನಾವು ಮೊಟ್ಟೆ ತಿನ್ನಲ್ಲ ಪಾಟಿ" ಎಂದುಬಿಟ್ಟಿದ್ದಳು. ಪಾಟಿ ನಕ್ಕೂ ನಕ್ಕೂ ಮೆಟ್ಟಿಲ ಮೇಲೇ ಕುಳಿತಿದ್ದರು.

ದೀಕ್ಷಿತಾಳ ಅಮ್ಮನಿಗೆ ಪೆರುಂಗುಡಿಯ ಆಫೀಸೊಂದರಲ್ಲಿ ಕೆಲಸ ಸಿಕ್ಕಿ, ಅವರೆಲ್ಲ ಹಾಸನದಿಂದ ಕೀಲ್ಪಾಕಿನ ಈ ಫ್ಲಾಟಿಗೆ ಬಂದಿದ್ದರು. ಬೇಸಿಗೆ ರಜೆ ನಡೆಯುತ್ತಿತ್ತು. ಹೊಸ ಶಾಲೆ ಇನ್ನೂ ತೆರೆದಿರಲಿಲ್ಲ. ಫ್ರೆಂಡ್ಸ್ ಯಾರೂ ಇರಲಿಲ್ಲ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಅವಳು ಮೇಲಿನ ಮನೆಯ ಪಾಟಿಯ ಹತ್ತಿರ ಇರುತ್ತಿದ್ದಳು.

ಪಾಟಿ ಏನನ್ನೂ ಎಸೆಯುವವರಲ್ಲ. ಒಡೆದ ಬಕೆಟ್ಟಿನಲ್ಲಿ ಮಲ್ಲಿಗೆ, ಪೇಂಟ್ ಡಬ್ಬದಲ್ಲಿ ಕರಿಬೇವು, ಸೀಳಿದ ಟಬ್ಬಿನಲ್ಲಿ ಬಸಳೆ. ಅವರ ಮಂಚದ ಕೆಳಗಿನ ಚೀಲದಲ್ಲಿ ಎಲ್ಲ ಬಗೆಯ ಹಳೆ ಸಾಮಾನೂ ಇತ್ತು. ಅದರಿಂದಲೇ ದೀಕ್ಷಿತಾ ತೆಂಗಿನ ಚಿಪ್ಪಿನ ಆಮೆ ಮಾಡಿ ತುಳಸಿಯ ಪಕ್ಕ ಕೂರಿಸಿದ್ದಳು. ಆದರೆ ಈ ಸ್ಪೂನಿನ ಗಂಟೆಯಷ್ಟು ಚೆನ್ನಾಗಿ ಯಾವುದೂ ಆಗಿರಲಿಲ್ಲ. ಮಧ್ಯಾಹ್ನವಾದರೆ ಸಾಕು, ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು. ಗಂಟೆ ಸಂಜೆಯವರೆಗೂ ಬಾರಿಸುತ್ತಲೇ ಇರುತ್ತಿತ್ತು.

ಆ ವಾರ ಒಂದು ದಿನ ತಾರಸಿಯ ಬಾಗಿಲು ತೆರೆಯಿತು. ಪಾಟಿಯ ಮೊಮ್ಮಗಳು ಭಾವನಾ ಅಕ್ಕ ಬಂದು ನಿಂತಳು. ಕೂದಲು ಕೆದರಿತ್ತು. ಕಣ್ಣು ಕೆಂಪಾಗಿತ್ತು. ಅವಳು ಆಸ್ಪತ್ರೆಯಲ್ಲಿ ನರ್ಸ್.

"ದೀಕ್ಷಿ, ಸಾರಿ ಮಾ. ಇದನ್ನ ತೆಗೆದಿಡ್ತೀಯಾ, ಪ್ಲೀಸ್? ಈ ವಾರದಿಂದ ನನಗೆ ನೈಟ್ ಡ್ಯೂಟಿ. ಹಗಲೇ ಮಲಗಬೇಕು. ನನ್ನ ರೂಮ್ ಕರೆಕ್ಟಾ ಇದರ ಕೆಳಗೇ ಇದೆ."

"ಅಯ್ಯಯ್ಯೋ! ಫ್ಯಾನ್ ಸೌಂಡಲ್ಲಿ ನಿನಗೆ ಕೇಳಲ್ಲ ಅಂದುಕೊಂಡೆನಲ್ಲಾ!" ಎಂದರು ಪಾಟಿ.

"ನಾನೂ ಅಡ್ಜಸ್ಟ್ ಆಗತ್ತೆ ಅಂತ ನೋಡಿದೆ ಪಾಟಿ. ಆದ್ರೆ ನಿನ್ನೆ ವಾರ್ಡಲ್ಲಿ ನಿಂತ ಹಾಗೇ ಕಣ್ಣು ಮುಚ್ಚಿಹೋಯ್ತು. ನನಗೇ ಭಯ ಆಗಿಬಿಟ್ಟಿತು."

ದೀಕ್ಷಿತಾ ತಲೆ ತಗ್ಗಿಸಿದಳು. ಅಕ್ಕ ಬೈದಿದ್ದರೆ ವಾಸಿಯಿತ್ತು. ಜಗಳವನ್ನಾದರೂ ಆಡಬಹುದಿತ್ತು.

"ಯಾವ ವಾರ್ಡ್?" ಎಂದು ನೆಲ ನೋಡುತ್ತಲೇ ಕೇಳಿದಳು.

"ಪಾಪುಗಳ ವಾರ್ಡ್. ಹುಟ್ಟೋ ಟೈಮ್‌ಗಿಂತ ಮುಂಚೆನೇ ಹುಟ್ಟಿಬಿಟ್ಟವು. ಇಷ್ಟೇ ಇಷ್ಟು." ಭಾವನಾ ಅಕ್ಕ ಅಂಗೈ ಚಾಚಿ, ಮಣಿಕಟ್ಟಿನ ಸ್ವಲ್ಪ ಹಿಂದೆ ಬೆರಳಿಟ್ಟು ತೋರಿಸಿದಳು.

ದೀಕ್ಷಿತಾಳ ಕಣ್ಣು ಅಗಲವಾಯಿತು. "ಅಷ್ಟು ಚಿಕ್ಕದಾ? ಅಳ್ತಾವಾ ಅಕ್ಕ?"

"ಕೆಲವಕ್ಕೆ ಅಳೋಕೂ ಶಕ್ತಿ ಇರಲ್ಲ. ಸದ್ದೇ ಇರಲ್ಲ. ಎದೆ ಮಾತ್ರ ಹೀಗೆ ಮೇಲೆ, ಕೆಳಗೆ, ಮೇಲೆ, ಕೆಳಗೆ. ಮೆಷಿನ್ ಎಲ್ಲಾ ಇದೆ. ಆದ್ರೂ ನಾನು ಕಣ್ಣಲ್ಲಿ ನೋಡ್ತಾನೇ ಇರ್ತೀನಿ."

ಅಕ್ಕ ಹೋದ ಮೇಲೆ ದೀಕ್ಷಿತಾ ಸ್ಟೂಲು ಹತ್ತಿ ಗಂಟೆಯನ್ನು ಬಿಚ್ಚಿದಳು. ಇಳಿಸುವಾಗಲೂ ಅದು ಟಿಣ್ ಎಂದಿತು. ಅವಳಿಗೆ ಅಳು ಬಂತು. ಈ ಊರಿಗೆ ಬಂದ ಮೇಲೆ ತನ್ನದು ಅಂತ ಇದ್ದದ್ದು ಅದೊಂದೇ.

ಸಂಜೆ ಮನೆಯಲ್ಲಿ ಅವಳು ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಕೈ ಮೇಲೆ ಹೋಯಿತು, ಕೆಳಗೆ ಬಂತು.

"ಹೊಟ್ಟೆನೋವಾ ದೀಕ್ಷಿ?" ಎಂದು ಅಮ್ಮ ಕೇಳಿದರು.

"ಶ್! ಗಾಳಿ ನೋಡ್ತಿದೀನಿ," ಎಂದಳು ಅವಳು. ಎಂದವಳೇ ದಡಕ್ಕನೆ ಎದ್ದು ಕುಳಿತಳು.

ಮರುದಿನ ಪಾಟಿಯ ಬಾಗಿಲು ತೆರೆಯುವುದೇ ತಡ, "ಪಾಟಿ, ಸದ್ದೇ ಮಾಡದೆ ಇರೋದು ಮಾಡೋಣ್ವಾ? ಗಾಳಿ ಬಂದ್ರೆ ಕಾಣಬೇಕು, ಕೇಳಬಾರದು!" ಎಂದು ಪಿಸುಗುಟ್ಟಿದಳು. ಒಳಗೆ ಭಾವನಾ ಅಕ್ಕ ಆಗಷ್ಟೇ ಬಂದು ಮಲಗಿದ್ದಳು.

ಇಬ್ಬರೂ ಚೀಲ ಸುರಿದರು. ಜ್ಯೂಸಿನ ಖಾಲಿ ರಟ್ಟಿನ ಡಬ್ಬಗಳು ಸಿಕ್ಕವು. ಕತ್ತರಿಸಿ ಬಿಡಿಸಿದರೆ ಒಳಗೆಲ್ಲ ಬೆಳ್ಳಿಯಂತೆ ಹೊಳೆಯುತ್ತಿತ್ತು. ದೀಕ್ಷಿತಾ ಅದರಿಂದ ಗಿರಗಿಟ್ಟಲೆ ಮಡಿಸಿದಳು. ಮುರಿದ ಕೊಡೆಗಳ ಕಡ್ಡಿಗಳೇ ಅವುಗಳ ಕಾಲಾದವು. ಒಂದನ್ನು ಊದಿ ನೋಡಿದಳು. ಕಿರ್ ಕಿರ್ ಎಂದಿತು.

"ಇದು ಬೇಡ. ಸದ್ದು ಮಾಡತ್ತೆ."

ಗಿರಗಿಟ್ಟಲೆಯ ಹಿಂದೆ ಮುಂದೆ ಪೆನ್ನಿನ ಖಾಲಿ ರೀಫಿಲ್ಲಿನ ಚೂರು ಸಿಕ್ಕಿಸಿದಳು. ಕಿರ್ ಎನ್ನುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಪಾಟಿ ಬೆರಳ ತುದಿಯಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ತಂದು ಸವರಿದರು. ದೀಕ್ಷಿತಾ ಮತ್ತೆ ಊದಿದಳು. ಗಿರಗಿಟ್ಟಲೆ ತಿರುಗಿತು. ಕಿವಿ ಹತ್ತಿರ ಹಿಡಿದರೂ ಏನೂ ಕೇಳಲಿಲ್ಲ.

ಅಪ್ಪ ಆಫೀಸಿನಿಂದ ಡಬ್ಬಗಳನ್ನು ತಂದರು. ಅಮ್ಮ ತಮ್ಮ ಹಳೆಯ ಕೊಡೆ ಕೊಟ್ಟರು. ಕೊನೆಗೆ ಮಲ್ಲಿಗೆಯ ಬಕೆಟ್ಟಿನಲ್ಲಿ, ಕರಿಬೇವಿನ ಡಬ್ಬದಲ್ಲಿ, ಬಸಳೆಯ ಟಬ್ಬಿನಲ್ಲಿ, ಪೂರ್ವದ ಗೋಡೆಯಿಂದ ಪಶ್ಚಿಮದ ನೀರಿನ ಟ್ಯಾಂಕಿನವರೆಗೆ, ಗಿಡ ಇರುವ ಕಡೆಯಲ್ಲೆಲ್ಲ ಗಿರಗಿಟ್ಟಲೆಗಳು ನಿಂತವು.

ನಿಂತವು, ಅಷ್ಟೇ. ತಿರುಗಲಿಲ್ಲ.

"ಕತ್ತಿರಿ ಬಿಸಿಲು ಶುರುವಾಯ್ತಲ್ಲ," ಎಂದರು ಪಾಟಿ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "ವರ್ಷದಲ್ಲೇ ಇದು ಜಾಸ್ತಿ ಸುಡೋ ಕಾಲ. ಕಡಲ ಕಾತ್ತು, ಅದೇ ಗಾಳಿ, ಹೇಗೆ ಬರತ್ತೆ ಕಣ್ಣಾ? ವೆಯಿಟ್ ಮಾಡಬೇಕು."

ಅಂದೂ ಬರಲಿಲ್ಲ. ಮರುದಿನವೂ ಬರಲಿಲ್ಲ. ನೆಲ ಕಾದು ಕಾಲಿಡಲು ಆಗುತ್ತಿರಲಿಲ್ಲ. ಮಲ್ಲಿಗೆಯ ಎಲೆಗಳು ಜೋತುಬಿದ್ದವು. ಬಿಸಿಲಿನಲ್ಲಿ ಸುಮ್ಮನೆ ನಿಂತ ಗಿರಗಿಟ್ಟಲೆಗಳನ್ನು ನೋಡಿದರೆ ದೀಕ್ಷಿತಾಳಿಗೆ ಬರೀ ಜ್ಯೂಸಿನ ಡಬ್ಬಗಳೇ ಕಾಣುತ್ತಿದ್ದವು.

"ಎಲ್ಲಾ ಕಿತ್ತುಹಾಕಿಬಿಡ್ತೀನಿ ಪಾಟಿ," ಎಂದಳು ಭಾನುವಾರ ಮಧ್ಯಾಹ್ನ.

"ಕಿತ್ತುಹಾಕು. ಮೊದಲು ಗಿಡಕ್ಕೆ ನೀರು ಹಾಕೋಣ," ಎಂದ ಪಾಟಿ ಮಗ್ಗಿನಲ್ಲಿ ನೀರು ತುಂಬಿಕೊಂಡರು.

ದೀಕ್ಷಿತಾ ಪೂರ್ವದ ಗೋಡೆಯ ಹತ್ತಿರ ಹೋಗಿ ಮೊದಲ ಕಡ್ಡಿಗೆ ಕೈ ಹಾಕಿದಳು. ಆಗ ದೂರದಲ್ಲಿ, ಮನೆಗಳ ಸಾಲಿನಾಚೆ, ಒಂದು ತೆಂಗಿನ ಮರ ತಲೆ ಆಡಿಸಿತು. ಅದಕ್ಕಿಂತ ಹತ್ತಿರದ್ದೊಂದು ಆಡಿಸಿತು. ಎದುರು ಕಟ್ಟಡದ ತಾರಸಿಯಲ್ಲಿ ಒಣಹಾಕಿದ್ದ ಸೀರೆ ಮೆಲ್ಲಗೆ ಉಬ್ಬಿತು.

ಅವಳ ಕೈಯಲ್ಲಿದ್ದ ಕಡ್ಡಿ ನಡುಗಿತು. ಗಿರಗಿಟ್ಟಲೆ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ತಿರುಗಿತು. ಈ ಸಲ ನಿಲ್ಲಲಿಲ್ಲ.

ಅದರ ಹಿಂದಿನದೂ ತಿರುಗಿತು. ಆಮೇಲೆ ಮಲ್ಲಿಗೆಯ ಸಾಲು, ಅದರ ಹಿಂದೆ ಕರಿಬೇವು, ಬಸಳೆ. ಒಂದಾದ ಮೇಲೊಂದು, ಒಂದಾದ ಮೇಲೊಂದು. ಗಾಳಿ ಗೋಡೆ ದಾಟಿ ಒಳಗೆ ಕಾಲಿಟ್ಟು, ಗಿಡಗಳ ನಡುವೆ ದಾರಿ ಮಾಡಿಕೊಂಡು, ಟ್ಯಾಂಕಿನ ಕಡೆಗೆ ನಡೆದು ಹೋಗುತ್ತಿತ್ತು. ಎಲ್ಲಿಯವರೆಗೆ ಬಂದಿದೆ, ಇನ್ನೂ ಎಲ್ಲಿಗೆ ಮುಟ್ಟಿಲ್ಲ, ಎಲ್ಲವೂ ಕಾಣುತ್ತಿತ್ತು.

"ಪಾಟಿ..." ಎಂದಳು ದೀಕ್ಷಿತಾ.

ಬೆಳ್ಳಿಯ ಬೆಳಕು ಟ್ಯಾಂಕಿನ ಮೇಲೆ, ಗೋಡೆಯ ಮೇಲೆ, ಪಾಟಿಯ ಬಿಳಿ ಕೂದಲ ಮೇಲೆ ಓಡಾಡಿತು. ಪಾಟಿಯ ಕೈಯಲ್ಲಿದ್ದ ಮಗ್ಗು ವಾಲಿ ನೀರೆಲ್ಲ ಅವರ ಪಾದದ ಮೇಲೆ ಸುರಿಯುತ್ತಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ.

"ನಾನು ಹುಟ್ಟಿದಾಗಿಂದ ಈ ಕಾತ್ತು ಬರ್ತಾನೇ ಇದೆ," ಎಂದರು ಅವರು ಮೆಲ್ಲಗೆ. "ಮೈಗೆ ತಾಗಿದೆ. ಬರೋದನ್ನ ನೋಡಿದ್ದು ಇವತ್ತೇ ಕಣ್ಣಾ."

ಭಾವನಾ ಅಕ್ಕನಿಗೆ ತೋರಿಸಬೇಕು! ಈಗಲೇ! ದೀಕ್ಷಿತಾ ತಿರುಗಿ ಮೆಟ್ಟಿಲಿಳಿದು ಓಡಿದಳು. ಪಾಟಿಯ ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕನ ರೂಮಿನ ಮುಂದೆ ನಿಂತು ತಟ್ಟಲು ಕೈ ಎತ್ತಿದಳು.

ಓರೆಯಾಗಿದ್ದ ಬಾಗಿಲ ಸಂದಿಯಿಂದ ಒಳಗೆ ಕಂಡಿತು. ಕಿಟಕಿಯ ಪರದೆ ತುಂಬಿಕೊಂಡು ಮಂಚದವರೆಗೆ ಬಂದಿತ್ತು. ಅದರ ತುದಿ ಅಕ್ಕನ ಹಣೆಯನ್ನು ಸವರಿ ಹಿಂದೆ ಹೋಯಿತು, ಮತ್ತೆ ಬಂದು ಸವರಿತು. ಅಕ್ಕ ನಿದ್ದೆಯಲ್ಲೇ ಮಗ್ಗುಲಾದಳು. ಬೆವರಿ ಒದ್ದೆಯಾಗಿದ್ದ ಅವಳ ಮುಖ ನಿಧಾನವಾಗಿ ಸಡಿಲವಾಯಿತು.

ದೀಕ್ಷಿತಾ ನೋಡುತ್ತ ನಿಂತಳು. ಎತ್ತಿದ ಕೈ ತಾನಾಗಿಯೇ ಇಳಿಯಿತು.

ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಿನಲ್ಲಿ ಹಿಂದಕ್ಕೆ ನಡೆದಳು.