ಸೂಜಿಗಲ್ಲು ಬೆಟ್ಟದ ಗುಂಡಾಟ

ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲ. ಆಗ ಕಿಂಕಿಣಿಪುರ ಎಂಬ ಒಂದು ರಾಜ್ಯವಿತ್ತು. ಅಲ್ಲಿನ ಕುಶಲಕರ್ಮಿಗಳಿಗೆ ಮಿಂಚನ್ನು ಹಿಡಿದು ತಾಮ್ರದ ತಂತಿಯಲ್ಲಿ ಸುತ್ತಿಡುವ ವಿದ್ಯೆ ಗೊತ್ತಿತ್ತು. ಆ ಮಿಂಚಿನಿಂದ ಅವರು ಯುದ್ಧ ಮಾಡಲಿಲ್ಲ. ಆಟದ ಪೆಟ್ಟಿಗೆ ಮಾಡಿದರು.

ಪೆಟ್ಟಿಗೆ ಹೀಗಿತ್ತು. ನಾಲ್ಕು ಕಾಲಿನ ಮೇಲೆ ಇಳಿಜಾರಾಗಿ ನಿಂತ ಹಲಗೆ, ಅದರ ಮೇಲೆ ಗಾಜಿನ ಮುಚ್ಚಳ. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡೊಂದು ಮೇಲಕ್ಕೆ ಹಾರಿ, ಉರುಳುತ್ತ ಕೆಳಗೆ ಬರುತ್ತಿತ್ತು. ದಾರಿಯಲ್ಲಿ ಅಣಬೆಗಳ ಹಾಗೆ ನಿಂತ ಗುಬುಟುಗಳು. ಗುಂಡು ತಾಗಿದರೆ ಅಣಬೆ ಅದನ್ನು ಒದೆಯುತ್ತಿತ್ತು, ಗಂಟೆ ಬಾರಿಸುತ್ತಿತ್ತು, ಹಲಗೆಯ ಮೇಲೆ ದೀಪ ಹೊತ್ತುತ್ತಿತ್ತು. ಎಲ್ಲಕ್ಕಿಂತ ಕೆಳಗೆ ಒಂದು ಕಪ್ಪು ಬಾಯಿ. ಗುಂಡು ಅದರೊಳಗೆ ಬಿದ್ದರೆ ಆಟ ಮುಗಿಯಿತು. ಬೀಳದಂತೆ ತಡೆದು ಮೇಲಕ್ಕೆ ಹೊಡೆಯಲು ಎರಡು ಪುಟ್ಟ ರೆಕ್ಕೆಗಳಿದ್ದವು. ಪೆಟ್ಟಿಗೆಯ ಎಡ ಬಲದ ಬಿರಡೆ ಒತ್ತಿದರೆ ರೆಕ್ಕೆ ಪಟ್ಟನೆ ಬಡಿಯುತ್ತಿತ್ತು. ಇಷ್ಟೇ ಆಟ. ಆದರೆ ಒಮ್ಮೆ ಆಡಿದವರು ಊಟ ಮರೆಯುತ್ತಿದ್ದರು.

ಕಾಲ ಕಳೆಯಿತು. ಪೆಟ್ಟಿಗೆ ಮಾಡುವ ಕುಶಲಕರ್ಮಿಗಳು ತೀರಿಕೊಂಡರು. ತಂತಿ ಕಿಲುಬು ಹಿಡಿಯಿತು, ಗಂಟೆ ಮೂಕವಾಯಿತು. ಜನ ಪೆಟ್ಟಿಗೆಗಳನ್ನು ಕೊಟ್ಟಿಗೆಗೂ ಅಟ್ಟಕ್ಕೂ ತಳ್ಳಿ ಮರೆತರು.

ಇಬ್ಬರು ಮಾತ್ರ ಮರೆಯಲಿಲ್ಲ. ಒಬ್ಬ ಇರುಗ, ಇನ್ನೊಬ್ಬಳು ಅವನ ತಂಗಿ ಸೋವಲೆ. ಊರಾಚೆಯ ಹಳೆಯ ಗಾಣದ ಮನೆಯೇ ಅವರ ಮನೆ. ಹಳೆಯ ಪೆಟ್ಟಿಗೆ ಎಲ್ಲಿದೆ ಎಂದು ಮೂಸಿ ಹುಡುಕುವವನು ಅಣ್ಣ, ಅದಕ್ಕೆ ಜೀವ ಬರಿಸುವವಳು ತಂಗಿ. ಒಂದು ಸಲ ಒಬ್ಬ ಮುದುಕಿಯ ಕೊಟ್ಟಿಗೆಯಲ್ಲಿ ಪೆಟ್ಟಿಗೆಯೊಂದು ಸಿಕ್ಕಿತು. ಗಾಜಿನ ಕೆಳಗೆ ಕೋಳಿ ಕಾವಿಗೆ ಕೂತಿತ್ತು.

"ಅದು ನಮ್ಮ ಕೋಳಿಯ ಮನೆ ಕಣಪ್ಪ" ಎಂದಳು ಮುದುಕಿ. "ಕೋಳಿ ಒಪ್ಪಿದರೆ ತಗೊಂಡು ಹೋಗಿ."

ಇರುಗ ಬಿದಿರಿನ ಹೊಸ ಗೂಡು ಹೆಣೆದು ಪಕ್ಕದಲ್ಲಿಟ್ಟ. ಮೊಟ್ಟೆ ಒಡೆದು ಮರಿಯಾಗಿ, ಮರಿಗಳನ್ನು ಕರೆದುಕೊಂಡು ಕೋಳಿ ತಾನಾಗಿ ಹೊಸ ಗೂಡಿಗೆ ಹೋಗುವ ತನಕ ಅಣ್ಣ ತಂಗಿ ಇಬ್ಬರೂ ಮುದುಕಿಯ ಗದ್ದೆಯಲ್ಲಿ ಕಳೆ ಕೀಳುತ್ತ ಕಾದರು. ಅಂಥ ಹುಚ್ಚು ಅವರದು.

ಹೀಗಿರುವಾಗ ಇರುಗನ ಕಿವಿಗೆ ಒಂದು ಸುದ್ದಿ ಬಿತ್ತು. ಸೂಜಿಗಲ್ಲು ಬೆಟ್ಟದ ತುದಿಯಲ್ಲಿ ಅಯೋಮುಖನೆಂಬ ಮಾಂತ್ರಿಕನಿದ್ದಾನೆ, ಯಾರೂ ಕಂಡಿರದ ಪೆಟ್ಟಿಗೆಗಳು ಅವನ ಬಳಿ ಇವೆ, ಆಡಿ ಗೆದ್ದವರಿಗೆ ಅವನ್ನು ಕೊಡುತ್ತಾನೆ ಎಂದು.

"ನೋಡಿಕೊಂಡು ಬರ್ತೀನಿ" ಎಂದು ಹೊರಟ ಇರುಗ ತಿರುಗಿ ಬರಲಿಲ್ಲ. ಅದೇ ಸುದ್ದಿ ಕೇಳಿ ರಾಜಕುಮಾರ ಕೀರ್ತಿಧರನೂ ಹೋದ. ಅವನೂ ಬರಲಿಲ್ಲ. ಮಗನನ್ನು ಕಳೆದುಕೊಂಡ ರಾಜ ತುಂಗಬಾಹು ದುಃಖದಲ್ಲಿ ಕುದಿದು, ರಾಜ್ಯದಲ್ಲಿರುವ ಆಟದ ಪೆಟ್ಟಿಗೆಗಳನ್ನೆಲ್ಲ ಒಡೆದು ಸುಡಿ ಎಂದು ಅಪ್ಪಣೆ ಮಾಡಿದ.

ಕೊಡಲಿ ಹಿಡಿದ ಭಟರೊಂದಿಗೆ ರಾಜನೇ ಗಾಣದ ಮನೆಗೆ ಬಂದ. ಸೋವಲೆ ಬಾಗಿಲಿಗೆ ಅಡ್ಡ ನಿಂತಳು.

"ಪ್ರಭು, ನಿಮ್ಮ ಮಗ ಹೋಗಿದ್ದಾರೆ, ನನ್ನ ಅಣ್ಣನೂ ಹೋಗಿದ್ದಾನೆ. ಪೆಟ್ಟಿಗೆ ಒಡೆದರೆ ಇಬ್ಬರೂ ಬರ್ತಾರಾ?"

ರಾಜ ಕೈ ಎತ್ತಿ ಭಟರನ್ನು ತಡೆದ.

"ನಾನು ಹೋಗಿ ಕರೆದುಕೊಂಡು ಬರ್ತೀನಿ. ದೀಪಾವಳಿಯ ತನಕ ಕೊಡಲಿ ಎತ್ತಬೇಡಿ."

"ನೀನೂ ಬರದಿದ್ದರೆ?"

"ಆಗ ಒಡೆಯಿರಿ. ತಡೆಯೋಕೆ ಯಾರೂ ಇರೋದಿಲ್ಲ."

ರಾಜ ಅವಳ ಮುಖವನ್ನೇ ನೋಡಿದ. "ಹೋಗಿ ಬಾ, ತಾಯಿ" ಎಂದ. ಭಟರು ಕೊಡಲಿ ಇಳಿಸಿದರು.

ಸೋವಲೆ ಕಾಡು ದಾಟಿದಳು, ಕಣಿವೆ ಇಳಿದಳು, ಬೆಟ್ಟದ ಬುಡಕ್ಕೆ ಬಂದಳು. ಅದು ಬರೀ ಬೆಟ್ಟವಲ್ಲ, ನೆತ್ತಿಯ ತನಕ ಸೂಜಿಗಲ್ಲು. ಎಂದೋ ಅಲ್ಲಿ ಹಾದುಹೋದ ಸೈನಿಕರ ಕತ್ತಿಗಳು, ಎತ್ತುಗಳ ಲಾಳಗಳು ಬಂಡೆಗೆ ಅಂಟಿಕೊಂಡಿದ್ದವು. ಅವಳ ಚೀಲದಲ್ಲಿದ್ದ ಇಕ್ಕಳ, ಅರ, ಸುತ್ತಿಗೆ ಒಂದೊಂದಾಗಿ ಚೀಲ ಹರಿದುಕೊಂಡು ಹಾರಿಹೋದವು. ಸೋವಲೆ ಅವನ್ನು ಕೀಳಲು ನೋಡಿದಳು. ಬರಲಿಲ್ಲ. ಬರಿಗೈಯಲ್ಲೇ ಹತ್ತಿದಳು.

ಬೆಟ್ಟದ ನೆತ್ತಿಯಲ್ಲಿ ಕಲ್ಲಿನ ಮಂಟಪ. ಒಳಗೆ ಮಾಂತ್ರಿಕನ ಮಾತೇ ಕಟ್ಟಳೆ, ಸೂಜಿಗಲ್ಲು ಕೂಡ ಅಲ್ಲಿ ಸೆಳೆಯುತ್ತಿರಲಿಲ್ಲ. ಅಯೋಮುಖ ಪೀಠದ ಮೇಲೆ ಕೂತಿದ್ದ. ಮುಖ ಕಬ್ಬಿಣದ್ದು. ನಕ್ಕರೆ ಕೆನ್ನೆ ಕಿರುಗುಟ್ಟುತ್ತಿತ್ತು.

"ನನ್ನ ಅಣ್ಣ ಎಲ್ಲಿ?" ಎಂದಳು ಸೋವಲೆ.

"ಇಲ್ಲೇ ಇದ್ದಾನೆ. ಸೋತವರೆಲ್ಲ ಇಲ್ಲೇ ಇದ್ದಾರೆ" ಎಂದು ಅವನು ಪೆಟ್ಟಿಗೆಗಳತ್ತ ಕೈ ಮಾಡಿದ. "ಸೋತವರು ನನ್ನ ಗುಂಡಾಗುತ್ತಾರೆ. ಗುಂಡು ಉರುಳಿದಷ್ಟೂ ನನ್ನ ಆಯುಸ್ಸು ಬೆಳೆಯುತ್ತೆ. ಮೂರು ಪೆಟ್ಟಿಗೆ ಇವೆ. ಗೆದ್ದ ಪೆಟ್ಟಿಗೆಯ ಗುಂಡುಗಳೆಲ್ಲ ನಿನ್ನವು. ಒಂದರಲ್ಲಿ ಸೋತರೂ ನೀನು ನನ್ನವಳು. ಹೆದರಿಕೆ ಆದರೆ ಹಿಂದಿರುಗಿ ಹೋಗು."

"ಆಡೋಕೆ ಬಂದಿದ್ದೀನಿ. ಆಡಿಯೇ ಹೋಗ್ತೀನಿ."

ಮೊದಲನೆಯದು ಹುಲಿಯ ಪೆಟ್ಟಿಗೆ. ಹಲಗೆಯ ಮೇಲೆ ಬರೆದಿದ್ದ ಹುಲಿ ಮೈಮುರಿದು ಎದ್ದಿತು. ಅಂಗೈಯಷ್ಟು ಹುಲಿ, ಆದರೆ ಹಲ್ಲು ನಿಜದ್ದು. ಹಲಗೆಯ ಮೇಲಿನ ದೀಪಗಳೆಲ್ಲ ಹೊತ್ತಿದರೆ ಗೆಲುವು. ಸೋವಲೆ ಗುಂಡು ಬಿಟ್ಟಳು. ಗಂಟೆ ಬಾರಿಸಿದ್ದೇ ತಡ, ಹುಲಿ ನೆಗೆಯಿತು. ಗುಂಡು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಮತ್ತೆ ಗಂಟೆ, ಮತ್ತೆ ನೆಗೆತ. ಈ ಸಲ ಉಗುರು ಗುಂಡನ್ನು ಗೀರಿತು. ಹುಲಿಗೆ ಗುಂಡು ಕಾಣುವುದಿಲ್ಲ, ಅದು ಸದ್ದಿನ ಮೇಲೆ ಎರಗುತ್ತದೆ ಎಂದು ಸೋವಲೆಗೆ ತಿಳಿಯಿತು.

ಗುಂಡು ಕೆಳಗೆ ಬಂದಾಗ ಅವಳು ಬಲಗಡೆಯ ರೆಕ್ಕೆ ಎತ್ತಿ ಹಿಡಿದಳು. ಗುಂಡು ಅದರ ಕಂಕುಳಲ್ಲಿ ಬಂದು ನಿಂತಿತು. ಸೋವಲೆ ಬಿರಡೆಯ ಮೇಲಿನ ಬೆರಳು ತೆಗೆಯಲಿಲ್ಲ. ಹುಲಿ ಬಾಲ ಬಡಿಯುತ್ತ ಕಾದಿತು. ಅವಳೂ ಕಾದಳು. ಮಂಟಪದ ಕಂಬದ ನೆರಳು ಗೋಡೆಯಿಂದ ನೆಲಕ್ಕೆ ಬಂತು. ಬೆರಳು ಮರಗಟ್ಟಿತು.

"ಆಡು!" ಎಂದು ಅರಚಿದ ಅಯೋಮುಖ.

"ಆಡ್ತಾ ಇದ್ದೀನಲ್ಲ" ಎಂದಳು ಸೋವಲೆ.

ಕೊನೆಗೆ ಹುಲಿ ಆಕಳಿಸಿತು, ಮುಂಗಾಲ ಮೇಲೆ ತಲೆ ಇಟ್ಟಿತು, ಕಣ್ಣು ಮುಚ್ಚಿತು. ಆಗ ಸೋವಲೆ ಮಗುವಿಗೆ ತಟ್ಟಿದ ಹಾಗೆ ಮೆಲ್ಲಗೆ ತಟ್ಟಿದಳು. ಗುಂಡು ಗಂಟೆಗೆ ತಾಗದೆ ಅಂಚಿನ ಓಣಿಗಳಲ್ಲಿ ಉರುಳಿ ದೀಪ ಹೊತ್ತಿಸಿತು. ಹೋಗಿ ಒಂದು ಹೊತ್ತಿಸಿತು, ಬಂದು ಇನ್ನೊಂದು ಹೊತ್ತಿಸಿತು. ಎಲ್ಲ ದೀಪ ಬೆಳಗಿದಾಗ ಪೆಟ್ಟಿಗೆಯ ಹೊಟ್ಟೆ ತೆರೆಯಿತು. ಒಳಗಿಂದ ಉರುಳಿಬಂದ ಗುಂಡುಗಳು ನೆಲ ಮುಟ್ಟಿದೊಡನೆ ಮನುಷ್ಯರಾದವು. ಅವರಲ್ಲಿ ಒಬ್ಬ ಬಳೆಗಾರನಿದ್ದ, ಒಬ್ಬಳು ನರ್ತಕಿ ಇದ್ದಳು, ಮುದುಕರಿದ್ದರು. ಇರುಗ ಇರಲಿಲ್ಲ.

"ಒಂದು ಗೆದ್ದೆ, ಸಾಕು. ಹಿಂದಿರುಗಿ ಹೋಗು" ಎಂದ ಅಯೋಮುಖ.

"ಆಡೋಕೆ ಬಂದಿದ್ದೀನಿ. ಆಡಿಯೇ ಹೋಗ್ತೀನಿ."

ಎರಡನೆಯದು ಸರ್ಪದ ಪೆಟ್ಟಿಗೆ. ಸೋವಲೆ ಬಿರಡೆ ಒತ್ತಿ ನೋಡಿದಳು. ರೆಕ್ಕೆ ಮಿಸುಕಲಿಲ್ಲ. ಕಿವಿಗೊಟ್ಟು ಆಲಿಸಿದಳು. ಒಳಗೆ ಮಿಂಚು ಇತ್ತು, ಆದರೆ ರೆಕ್ಕೆಯ ತನಕ ಬರುತ್ತಿರಲಿಲ್ಲ.

"ಪೆಟ್ಟಿಗೆ ಕೆಟ್ಟಿದೆ. ತೆರೆದು ನೋಡಬೇಕು."

ಅಯೋಮುಖ ನಕ್ಕ. "ತೆರೆಯೋದು ಬೇಡ ಅಂದವರು ಯಾರು? ತೆರೆದವರೆಲ್ಲ ಹಾಗೇ ಮುಚ್ಚಿಬಿಟ್ಟರು."

ಸೋವಲೆ ಹಲಗೆ ಎತ್ತಿದಳು. ಕೆಳಗೆ ತಾಮ್ರದ ಸುರುಳಿ, ಅದಕ್ಕೆ ಸುತ್ತಿಕೊಂಡು ಒಂದು ನೀಲಿ ಸರ್ಪ. ಅದು ತಂತಿಗೆ ಬಾಯಿಟ್ಟು ಮಿಂಚನ್ನು ಹೀರುತ್ತಿತ್ತು. ಸೋವಲೆಗೆ ಹುಲಿಯ ಭಯವಿರಲಿಲ್ಲ. ಹಾವೆಂದರೆ ಹುಟ್ಟಿದಾಗಿನಿಂದ ಜೀವ ಹೋದಷ್ಟು ಭಯ. ಹಲಗೆ ಹಿಡಿದ ಕೈ ತಾನಾಗಿ ಕೆಳಗಿಳಿಯತೊಡಗಿತು.

ಮಂಟಪದಿಂದ ಹೊರಟುಹೋಗದೆ ನಿಂತಿದ್ದ ಬಳೆಗಾರ, "ಬೇಡಮ್ಮ, ಕೈ ಹಾಕಬೇಡ!" ಎಂದು ಕೂಗಿದ.

"ಹಾಕದಿದ್ದರೆ ಅಣ್ಣ ಸಿಗಲ್ಲ" ಎಂದಳು ಸೋವಲೆ. ಅದನ್ನು ಬಳೆಗಾರನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ಕಣ್ಣು ಮುಚ್ಚಲಿಲ್ಲ. ಎಡಗೈ ಒಳಗಿಟ್ಟು ಸರ್ಪದ ಕತ್ತನ್ನು ಹಿಡಿದಳು. ಮಿಂಚು ಅಂಗೈ ಸುಟ್ಟು ಭುಜದ ತನಕ ಏರಿತು. ಹಲ್ಲು ಕಚ್ಚಿ, ಒಂದೊಂದೇ ಸುತ್ತು ಬಿಡಿಸಿದಳು. ಬಿಡಿಸಿ ಹೊರಗಿಟ್ಟಾಗ ಸರ್ಪ ಕಚ್ಚಲಿಲ್ಲ. ಅದನ್ನೂ ಅಯೋಮುಖನೇ ಮಂತ್ರ ಹಾಕಿ ಅಲ್ಲಿ ಕಟ್ಟಿದ್ದ. ತಲೆ ಬಾಗಿಸಿ, ಬಂಡೆಗಳ ಸಂದಿನಲ್ಲಿ ಸರಿದುಹೋಯಿತು.

ಸೋವಲೆ ಸೆರಗಿನ ತುದಿಯಿಂದ ತಂತಿಯ ಕಿಲುಬು ಒರೆಸಿ, ಹಲಗೆ ಮುಚ್ಚಿ, ಸುಟ್ಟ ಕೈಯಲ್ಲೇ ಆಡಿದಳು. ರೆಕ್ಕೆ ಬಡಿಯಿತು, ಗಂಟೆಗಳು ಬಾರಿಸಿದವು, ದೀಪಗಳು ಬೆಳಗಿದವು. ಈ ಸಲ ಹೊಟ್ಟೆ ತೆರೆದಾಗ ರಾಜಕುಮಾರ ಕೀರ್ತಿಧರ ಹೊರಬಂದ. ಅವನು ಉತ್ತರೀಯ ಹರಿದು ಅವಳ ಅಂಗೈಗೆ ಸುತ್ತಿದ.

"ನಿನ್ನ ಅಣ್ಣ ಮೂರನೆಯದರಲ್ಲಿ ಇದ್ದಾನೆ" ಎಂದ. "ಆ ಪೆಟ್ಟಿಗೆಯೇ ಬೇಕು ಎಂದು ಆಡಿದವನು ಅವನೊಬ್ಬನೇ ಅಂತ ಮಾಂತ್ರಿಕ ಹೇಳ್ತಿದ್ದ."

ಅಯೋಮುಖನ ಕಬ್ಬಿಣದ ಮುಖ ಬೆವರಿತು. "ಎರಡು ಗೆದ್ದೆ, ಸಾಕು. ಹಿಂದಿರುಗಿ ಹೋಗು."

"ಆಡೋಕೆ ಬಂದಿದ್ದೀನಿ. ಆಡಿಯೇ ಹೋಗ್ತೀನಿ."

ಮೂರನೆಯದು ಮಾಂತ್ರಿಕನ ಸ್ವಂತ ಪೆಟ್ಟಿಗೆ. ನೆತ್ತಿಯ ಮೇಲೆ ತಿರುಗುವ ಅಂಕಿಚಕ್ರಗಳು, ಒಳಗೆ ಒಂದೇ ಗುಂಡು.

"ಇದರಲ್ಲಿ ನನ್ನ ಎದುರು ಆಡಬೇಕು" ಎಂದ ಅಯೋಮುಖ. "ಹೆಚ್ಚು ಅಂಕ ಗಳಿಸಿದವರು ಗೆದ್ದ ಹಾಗೆ. ಪೆಟ್ಟಿಗೆಯೊಳಗೆ ಒಂದು ಬಳೆ ಇದೆ, ಬಳೆಯ ನಡುವೆ ತೂಗುವ ಕಡ್ಡಿ ಇದೆ. ಪೆಟ್ಟಿಗೆಯನ್ನು ಒರಟಾಗಿ ಅಲುಗಿಸಿದರೆ ಕಡ್ಡಿ ಬಳೆಗೆ ತಾಗಿ ಮಿಂಚು ಸಾಯುತ್ತೆ. ಅಲುಗಿಸಿದವರು ಸೋತ ಹಾಗೆ. ಇದು ಕಟ್ಟಳೆ."

ಮೊದಲು ಅವನು ಆಡಿದ. ಅಂಕಿಚಕ್ರ ಗಿರಗಿರನೆ ತಿರುಗಿ, ಯಾರಿಂದಲೂ ಮುಟ್ಟಲಾಗದಷ್ಟು ಮೇಲೆ ಹೋಗಿ ನಿಂತಿತು.

ಸೋವಲೆ ಹಿಡಿ ಎಳೆದು ಬಿಟ್ಟಳು. ಗುಂಡು ಹಾರಿ ಅಣಬೆಗೆ ತಾಗಿತು. "ಅಮ್ಮಾ!" ಎಂಬ ಕೂಗು ಕೇಳಿತು. ಇರುಗನ ದನಿ. ಅವಳ ಬೆರಳು ಬಿರಡೆಯ ಮೇಲೆ ಸ್ತಬ್ಧವಾಯಿತು. ಗುಂಡು ಉರುಳಿ ಉರುಳಿ ಕಪ್ಪು ಬಾಯಿಯ ಹತ್ತಿರ ಬಂತು. ಹೊಡೆದರೆ ಅಣ್ಣನಿಗೆ ನೋವು, ಹೊಡೆಯದಿದ್ದರೆ ಅಣ್ಣ ಇಲ್ಲ.

"ಸೋವಲೆ, ಏನು ನೋಡ್ತಾ ನಿಂತಿದ್ದೀಯೇ? ಹೊಡಿ!" ಎಂದು ಗುಂಡೊಳಗಿಂದ ಇರುಗ ಕೂಗಿದ. "ನನ್ನ ಮೂಳೆ ಗಟ್ಟಿ ಇದೆ!"

ಸೋವಲೆ ಹೊಡೆದಳು. ಮತ್ತೆ ಹೊಡೆದಳು. ಅಳುತ್ತ ಹೊಡೆದಳು, ಆದರೆ ಗುರಿ ತಪ್ಪಲಿಲ್ಲ. "ಎಡಕ್ಕೆ! ಇನ್ನೂ ಜೋರಾಗಿ!" ಎಂದು ಇರುಗ ಕೂಗುತ್ತಲೇ ಇದ್ದ. ಅಂಕಿಚಕ್ರಗಳು ತಿರುಗಿದವು. ಮಾಂತ್ರಿಕನ ಅಂಕಿಯ ಬಳಿ ಬಂದವು, ಇನ್ನೊಂದು ಗಂಟೆ ಬಾರಿಸಿದರೆ ದಾಟುತ್ತಿದ್ದವು.

ಅಯೋಮುಖ ಎಂದೂ ಸೋತವನಲ್ಲ. ಸೋಲು ಕಣ್ಣೆದುರು ಬಂದಾಗ ಅವನಿಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಘೀಳಿಟ್ಟು ಬಂದು ಭುಜದಿಂದ ಪೆಟ್ಟಿಗೆಗೆ ಗುದ್ದಿದ. ಒಳಗಿನ ಕಡ್ಡಿ ಠಣ್ಣನೆ ಬಳೆಗೆ ತಾಗಿತು. ದೀಪಗಳು ಆರಿದವು. ರೆಕ್ಕೆಗಳು ಸತ್ತು ಜೋತುಬಿದ್ದವು.

"ನಿನ್ನ ಆಟದಲ್ಲಿ ಮಿಂಚು ಸತ್ತಿತು! ನೀನೇ ಸೋತೆ!" ಎಂದು ಅವನು ಬೊಬ್ಬೆ ಹೊಡೆದ.

"ಅಲುಗಿಸಿದವರು ಸೋತ ಹಾಗೆ. ನಿನ್ನ ಬಾಯಿಂದಲೇ ಬಂದ ಕಟ್ಟಳೆ" ಎಂದಳು ಸೋವಲೆ.

ಆದರೆ ಮಾತಿಗೆ ಹೊತ್ತಿರಲಿಲ್ಲ. ಗುಂಡು ಕಪ್ಪು ಬಾಯಿಯ ಕಡೆ ಜಾರುತ್ತಿತ್ತು, ತಡೆಯಲು ರೆಕ್ಕೆಯಿಲ್ಲ. ಸೋವಲೆ ಸುಟ್ಟ ಕೈಯನ್ನೇ ಮುಷ್ಟಿ ಮಾಡಿ ಗಾಜಿಗೆ ಅಪ್ಪಳಿಸಿದಳು. ಗಾಜು ಚೂರಾಯಿತು. ಬಾಯಿಯ ಅಂಚಿನಲ್ಲಿ ಗುಂಡನ್ನು ಹಿಡಿದಳು. ಬಿಗಿಯಾಗಿ ಹಿಡಿದು ಹೊರಗೆಳೆದಳು. ಕೈಯಲ್ಲಿ ಗುಂಡಿರಲಿಲ್ಲ. ಅಣ್ಣನ ಕೈ ಇತ್ತು.

ಅಯೋಮುಖನ ಮಾತು ಅವನಿಗೇ ತಗುಲಿತು. ಕಾಲು ಒಳಗೆಳೆದುಕೊಂಡಿತು, ತೋಳು ಮಡಚಿತು, ತಲೆ ಎದೆಯೊಳಗೆ ಹೂತಿತು. ಅವನು ನೆಲ್ಲಿಕಾಯಿಯಷ್ಟು ಗುಂಡಾಗಿ, ಮಂಟಪದ ಬಾಗಿಲು ದಾಟಿ ಉರುಳಿದ. ಹೊರಗೆ ಸೂಜಿಗಲ್ಲು ಅವನನ್ನು ಸೆಳೆದು ಬಂಡೆಗೆ ಅಂಟಿಸಿಕೊಂಡಿತು. ಈಗಲೂ ಅಲ್ಲೇ ಇದ್ದಾನೆ. ಉರುಳುವ ಹಾಗಿಲ್ಲ.

ಇರುಗನ ಮೈತುಂಬ ಬಾವು. "ಅಷ್ಟು ಜೋರಾಗಿ ಹೊಡೆಯೋದಾ?" ಎಂದ.

"ನೀನೇ ಅಲ್ವಾ ಜೋರಾಗಿ ಅಂದಿದ್ದು?" ಎಂದು ಸೋವಲೆ ಅವನನ್ನು ತಬ್ಬಿಕೊಂಡು ಅತ್ತಳು, ನಕ್ಕಳು.

ಬಿಡುಗಡೆಯಾದವರೆಲ್ಲ ಸೇರಿ, ಸೂಜಿಗಲ್ಲು ಸೆಳೆಯದಂತೆ ಕಬ್ಬಿಣದ ತುಂಡುಗಳನ್ನು ಮಂಟಪದಲ್ಲೇ ಕಳಚಿಟ್ಟು, ಮೂರೂ ಪೆಟ್ಟಿಗೆಗಳನ್ನು ಹೊತ್ತುಕೊಂಡು ಬೆಟ್ಟ ಇಳಿದರು. ದೀಪಾವಳಿಗೆ ಮುಂಚೆಯೇ ಕಿಂಕಿಣಿಪುರ ಸೇರಿದರು. ರಾಜ ಮಗನನ್ನು ಕಂಡು ಸಿಂಹಾಸನದಿಂದ ಓಡಿಬಂದ. ಏನು ಬೇಕೋ ಕೇಳು ಎಂದಾಗ ಸೋವಲೆ ಅರಮನೆಯ ಖಾಲಿ ಬಿದ್ದಿದ್ದ ಆನೆಲಾಯ ಕೇಳಿದಳು. ಅಣ್ಣ ತಂಗಿ ಕೂಡಿಸಿದ ಪೆಟ್ಟಿಗೆಗಳೆಲ್ಲ ಅಲ್ಲಿ ಸಾಲಾಗಿ ನಿಂತವು. ಹುಲಿಯೂ ತನ್ನ ಹಲಗೆಯ ಮೇಲೆ ಸುಖವಾಗಿ ನಿದ್ದೆ ಹೋಯಿತು.

ಸೋವಲೆಗೆ ಮದುವೆ ಆಯಿತೇ ಎನ್ನುತ್ತೀರಿ. ಆಯಿತು. ಕೀರ್ತಿಧರ ಆಟ ಕಲಿಯುವ ನೆವದಲ್ಲಿ ಆನೆಲಾಯಕ್ಕೆ ದಿನವೂ ಬರುತ್ತಿದ್ದ. ಒಂದು ದಿನವೂ ಅವಳೆದುರು ಗೆಲ್ಲಲಿಲ್ಲ, ಒಂದು ದಿನವೂ ಬರುವುದನ್ನು ಬಿಡಲಿಲ್ಲ. ಅದನ್ನು ನೋಡಿ ಸೋವಲೆಯೇ ಒಪ್ಪಿದಳು.

ಆನೆಲಾಯದ ಬಾಗಿಲು ತೆರೆದ ದಿನ ಮುದಿ ರಾಜಮಾತೆ ಮೊದಲ ಗುಂಡು ಬಿಟ್ಟಳು. ಗುಂಡು ಎಲ್ಲಿಯೂ ತಾಗದೆ ನೆಟ್ಟಗೆ ಕಪ್ಪು ಬಾಯಿಗೆ ಬಿತ್ತು. ರಾಜಮಾತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇನ್ನೊಂದು ಕೊಡೇ!" ಎಂದಳು. ಆ ಸಂಜೆ ಕಿಂಕಿಣಿಪುರದಲ್ಲಿ ಗಂಟೆ ಬಾರಿಸದ ಗಳಿಗೆಯೇ ಇರಲಿಲ್ಲ, ನಗದ ಮನೆಯೂ ಇರಲಿಲ್ಲ.