ತೋಳಕ್ಕೆ ಬಿದ್ದ ಒಂದು ಓಟು

ಓಟಿಲಿಯಾ ಅಜ್ಜಿಯ ಹೆಣ ಸಿಕ್ಕಿದ್ದು ಗುರುವಾರ. ಚೀಸ್ ಇಡುವ ನೆಲಮಾಳಿಗೆಯಲ್ಲಿ, ಮೆಟ್ಟಿಲ ಬುಡದಲ್ಲಿ. ಸೋಮವಾರ ಸಂಜೆ ಅವಳ ಜೊತೆ ಫೋನಿನಲ್ಲಿ ಹರಟಿದವನು ನಾನು, ಫ್ಲೂರಿನ್.

ತೋಳಗಳನ್ನು ಗುಂಡಿಟ್ಟು ಕೊಲ್ಲಲು ಬಿಡುವ ಕಾನೂನು ಬೇಕೇ ಅಂತ ಭಾನುವಾರ ದೇಶವೆಲ್ಲ ಓಟು ಹಾಕಿತ್ತು. ಯಾರು ಯಾಕೆ ಹಾಗೆ ಹಾಕಿದರು ಅಂತ ರಾಜಧಾನಿ ಬರ್ನ್‌ನಿಂದ ಫೋನ್ ಮಾಡಿ ಕೇಳುವುದು ನನ್ನ ಕೆಲಸ. ಜನ ಬೈದು ಇಡುತ್ತಾರೆ. ಅಜ್ಜಿ ಬೈಯಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಇನ್ಸ್‌ಪೆಕ್ಟರ್ ಗಿಸ್ಲರ್ ಮೇಡಂ ನನ್ನನ್ನು ಅಜ್ಜಿಯ ಊರಿಗೇ ಕರೆಸಿದರು. ಊರ ನೋಟೀಸು ಹಲಗೆಯ ಮೇಲೆ ಫಲಿತಾಂಶ ತೂಗುತ್ತಿತ್ತು. ಊರಿಗೆ ಊರೇ 'ಹೌದು'. 'ಇಲ್ಲ' ಒಂದೇ ಒಂದು. ಆ ಒಂದರ ಸುತ್ತ ಯಾರೋ ಮೊಳೆಯಿಂದ ಗೀಚಿದ್ದರು.

"ಯಾರೋ ತಳ್ಳಿದಾರೆ. ನೆಲಮಾಳಿಗೆ ಫ್ರಿಜ್ಜು ಇದ್ದಂಗೆ ಕಣೋ. ಸತ್ತ ದಿನ ಡಾಕ್ಟ್ರಿಗೂ ಹೇಳಕ್ಕಾಗ್ತಿಲ್ಲ," ಅಂದರು ಮೇಡಂ, ಅಜ್ಜಿಯ ಮನೆಯೊಳಗೆ ಕಾಲಿಡುತ್ತ. "ಸೋಮವಾರ ನಿನ್ನ ಹತ್ರ ಮಾತಾಡಿದಾಳೆ. ಮಂಗಳವಾರ ಬೆಳಗ್ಗೆನೇ ಇದೇ ಮನೇಲಿರೋ ಅವಳಣ್ಣ ಆಲೋಯಿಸ್ ಗೆಳೆಯರ ಜೊತೆ ಬೆಟ್ಟ ಹತ್ತಿದಾನೆ, ಇಳಿದಿದ್ದು ಗುರುವಾರ. ಈ ನಡುವೆ ಇಲ್ಲಿಗೆ ಬಂದೋಳು ಕೆಲಸದ ಗ್ರಾಸಾ ಒಬ್ಳೇ."

ಬಾಗಿಲ ಬಳಿ ಗ್ರಾಸಾ. ಕೈಗೆ ಬೇಡಿ.

"ಬೆಲ್ ಮಾಡ್ದೆ, ಯಾರೂ ತೆಗೀಲಿಲ್ಲ, ವಾಪಸ್ ಹೋದೆ," ಅಂದಳು. ನನ್ನನ್ನೇ ನೋಡಿದಳು. "ನಿನ್ನ ಒಂದು ಫೋನಿಂದ ನಾನು ಜೈಲಿಗೆ ಹೋಗ್ತಿದೀನಪ್ಪಾ."

ಸಮೀಕ್ಷೆಯ ರೆಕಾರ್ಡಿಂಗು ನನ್ನ ಫೋನಿನಲ್ಲೇ ಇತ್ತು.

* * *

ಅಡುಗೆಮನೆಯಲ್ಲಿ ರೆಕಾರ್ಡಿಂಗ್ ಹಾಕಿದೆ. ಆಲೋಯಿಸ್ ತಾತ ಮೇಜಿನ ಆ ಬದಿಗೆ ಕೂತಿದ್ದ. ಸತ್ತವಳ ದನಿ ಗೋಡೆಗೋಡೆಗೂ ತಾಗಿತು.

"ಮೊದಲ ಓಟಾ? ಇಪ್ಪತ್ತು ತುಂಬಿದ ವರ್ಷಾನೇ ಮಗಾ. ಅಪ್ಪ ಕರ್ಕೊಂಡೋಗಿದ್ದ. ಅವತ್ತಿಂದ ದೇಶದ ಒಂದು ಓಟೂ ತಪ್ಪಿಸಿಲ್ಲ."

"ಈ ಸಲ ಹೆಂಗೆ ನಿರ್ಧಾರ ಮಾಡಿದ್ರಿ ಅಜ್ಜಿ?"

"ಅಣ್ಣ ಹೇಳ್ದ. ಹೌದು ಅಂತ ಬರ್ದೆ."

ಆಮೇಲೆ ಸಣ್ಣಗೆ ಒಂದು ನಗು.

ಅಜ್ಜಿಯ ಬೆಕ್ಕು ಕಿವಿ ನಿಮಿರಿಸಿತು. ಫೋನಿನ ಕಡೆ ನೋಡಲಿಲ್ಲ, ನೆಲಮಾಳಿಗೆ ಕಡೆಯೂ ಇಲ್ಲ. ನೇರ ಹೋಗಿ ತಾತನ ಮುಖ ನೋಡುತ್ತ ಕೂತಿತು.

ಆಗ ಹೊಳೆಯಿತು.

"ಮೇಡಂ, ಅಜ್ಜಿ ಹುಟ್ಟಿದ್ದು?"

"ನಲವತ್ಮೂರನೇ ಇಸ್ವಿ."

"ತಾತಾ, ಅಜ್ಜಿ ದನಿಗೆ ನಿನ್ನ ಡಬ್ಬಿಂಗ್ ಸೂಪರ್! ಒಂದೇ ಡೈಲಾಗು ಕೈಕೊಡ್ತು. ದೇಶದ ಓಟು ಹೆಂಗಸ್ರಿಗೆ ಸಿಕ್ಕಿದ್ದೇ ಎಪ್ಪತ್ತೊಂದ್ರಲ್ಲಿ. ಆಗ ಅಜ್ಜಿಗೆ ಇಪ್ಪತ್ತೆಂಟು. ನಮ್ಮನೆ ಅಜ್ಜಿ ಪ್ರತಿ ಕ್ರಿಸ್ಮಸ್‌ಗೂ ಆ ಮೊದಲ ಓಟಿನ ಕಥೆ ಕೊರೀತಾಳೆ. ಆ ಕಾಲದಲ್ಲಿ ಇಪ್ಪತ್ತಕ್ಕೆ ಅಪ್ಪನ ಜೊತೆ ಹೋಗಿ ಓಟು ಹಾಕ್ತಿದ್ದದ್ದು ಗಂಡಸ್ರು ಮಾತ್ರ."

"ಅಂದ್ರೆ ಸೋಮವಾರ ಅವಳು ಆಗ್ಲೇ ಕೆಳಗಿದ್ಲು," ಅಂದರು ಮೇಡಂ ನಿಧಾನವಾಗಿ. "ಮಂಗಳವಾರದ ಬೆಟ್ಟ ಬರೀ ನಾಟಕ. ಹಲಗೆ ಮೇಲಿನ ಆ ಒಂದು ಓಟು ಅವಳದೇನಾ?"

ತಾತ ಬೆಕ್ಕನ್ನು ಒದೆಯಲು ಹೋಗಿ ಕಾಲು ಹಿಂದೆಗೆದ.

"ಭಾನುವಾರ ಊರೆಲ್ಲ ಅದು ಯಾರದು ಅಂತ ಹುಡುಕ್ತಿತ್ತು. ಇವಳು ಮೆಟ್ಟಿಲ ಮೇಲೆ ನಿಂತು ನಕ್ಕಳು. 'ನಾನೇ ಕಣೋ ಅಣ್ಣ. ಇಷ್ಟು ವರ್ಷ ನೀನು ಹೇಳ್ದಂಗೆ ಹಾಕ್ದೆ, ಸಾಕು' ಅಂದ್ಲು. ತಳ್ಳಿಬಿಟ್ಟೆ."

"ಫೋನು?" ಅಂದೆ.

"ಅವಳ ಓಟೇ ನಾನು ಹಾಕ್ತಿದ್ದೆ. ಅವಳ ಮಾತು ಆಡೋದೇನು ಮಹಾ?"

ಮೇಡಂ ಗ್ರಾಸಾಳ ಬೇಡಿ ಬಿಚ್ಚಿದರು. ಅದೇ ಬೇಡಿ ತಾತನ ಕೈಗೆ ಬಿತ್ತು.

ಹೊರಡುವ ಮುಂಚೆ ಆ ಸಂದರ್ಶನವನ್ನು ಸಮೀಕ್ಷೆಯಿಂದ ಅಳಿಸಿದೆ. ಹಲಗೆಯ ಮೇಲಿನ ಆ ಒಂದು 'ಇಲ್ಲ' ಮಾತ್ರ ಹಾಗೇ ಇತ್ತು. ಗ್ರಾಸಾ ಅದರ ಮೇಲೆ ಬೆರಳಿಟ್ಟು ನಿಂತಳು.

ಮೇಲೆ ಕಾಡಿನಲ್ಲಿ ಏನೋ ಊಳಿಟ್ಟಿತು.